ನಾಲ್ಕು ತಿಂಗಳಲ್ಲಿ ಎರಡು ಹೆರಿಗೆ

ಕಾಮಗೆರೆ ಪಕ್ಕದ ಹಳ್ಳಿಯ ದೊಡ್ಡಬಸಮ್ಮ ಕಳೆ ಕೀಳುವುದರಲ್ಲಿ ಎಷ್ಟು ಚುರುಕೋ ಮಾತಿನಲ್ಲೂ ಅಷ್ಟೇ. ಅವಳ ಮಗಳು ಪುಷ್ಪ ಊರಿನ ಅಂಗನವಾಡಿ ಕಾರ್ಯಕರ್ತೆ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಅದೇ ಊರಿನವಳಾಗಿರಬೇಕು, ಪಿಯುಸಿ ಪಾಸಾಗಿರಬೇಕು, ವಯಸ್ಸು ಮೂವತ್ತೈದು ದಾಟಿರಬಾರದು. ತಾತ್ಕಾಲಿಕ ಪಟ್ಟಿಯಲ್ಲಿ ಪುಷ್ಪಳ ಹೆಸರೇ ಮೊದಲು ಬಂತು. ಎರಡನೆಯವಳಾದ ಶಂಕರಮ್ಮ ಸುಮ್ಮನಿರುತ್ತಾಳೆಯೇ? ತಕರಾರು ಅರ್ಜಿ ಕೊಟ್ಟಳು: ದಾಖಲೆಯಂತೆ ಪುಷ್ಪ ಹುಟ್ಟಿದ್ದು ಜೂನ್‌ನಲ್ಲಿ, ಅವಳ ತಮ್ಮ ಶಾಂತರಾಜು ಹುಟ್ಟಿದ್ದು ಅದೇ ವರ್ಷ ಅಕ್ಟೋಬರಿನಲ್ಲಿ. ಇದು ಹೇಗೆ?

ವಿಚಾರಣೆಗೆ ಮಕ್ಕಳಿಬ್ಬರನ್ನೂ ಕರೆದುಕೊಂಡು ಹೋದ ದೊಡ್ಡಬಸಮ್ಮ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದಳು. ತಮ್ಮನನ್ನು ಎತ್ತಿಕೊಂಡು ತಿರುಗುತ್ತಿದ್ದ ಪುಷ್ಪ ಶಾಲೆ ಸೇರಿದ್ದು ಎಂಟನೇ ವಯಸ್ಸಿಗೆ. ಮೇಷ್ಟ್ರು ಬರೆದುಕೊಂಡದ್ದು ಆರು. ನಿಜ ಹೇಳಿದರೆ ಮಗಳಿಗೆ ಮೂವತ್ತಾರು!

"ಏನಮ್ಮ, ನಾಲ್ಕೇ ತಿಂಗಳಿಗೆ ಇನ್ನೊಂದು ಹೆತ್ತೆಯಾ?" ಎಂದರು ಅಧಿಕಾರಿ.

"ನಾನೇನ್ ಕೋಳಿನಾ ಸಾ? ಈ ಹುಡ್ಗಂದು ತಾರೀಕು ಸುಳ್ಳು. ನಾನು ಕೂಲಿಗೋದ್ರೆ ಇವನ್ನ ನೋಡ್ಕಳೋರಿಲ್ಲ. ಅಕ್ಕನ್ ಜೊತೆ ಇಸ್ಕೂಲ್ಗೆ ತಳ್ಳಾಕೋದೆ. ತಲೆ ಮ್ಯಾಲಿಂದ ಕೈ ಬಳಸಿ ಆ ಕಡೆ ಕಿವಿ ಮುಟ್ಟುದ್ರೆ ಸೇರುಸ್ಕತೀನಿ ಅಂದ್ರು ಮೇಷ್ಟ್ರು. ಇವಂಗಿನ್ನೂ ನಾಲ್ಕೂವರೆ ತುಂಬಿರ್ನಿಲ್ಲ, ಮುಟ್ನಿಲ್ಲ. ಅವ್ರು ಅತ್ಲಾಗ್ ತಿರುಗ್ದಾಗ ನಾನೇ ತಲೆ ವಾಲ್ಸಿ ಮುಟ್ಟುಸ್ಬುಟ್ಟೆ."

"ಮಗಳದ್ದು?"

"ಅವಳ್ದು ಮೇಷ್ಟ್ರೇ ಬರ್ದವ್ರಲ್ಲ ಸಾ. ಓದ್ದೋರು ಬರ್ದುದ್ಕೆ ನಾನೇನ್ ಹೇಳ್ಲಿ?"

ಅಧಿಕಾರಿ ನಗು ತಡೆದುಕೊಂಡು ಸುತ್ತೋಲೆ ತಿರುವಿದರು. ಅಭ್ಯರ್ಥಿಯ ವಯಸ್ಸಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೇ ಆಧಾರ. ತಮ್ಮನ ವಯಸ್ಸಿನ ಬಗ್ಗೆ ಸುತ್ತೋಲೆಯಲ್ಲಿ ಒಂದಕ್ಷರವೂ ಇರಲಿಲ್ಲ. ತಕರಾರು ಬಿದ್ದುಹೋಯಿತು.

ಬಸ್ಸಿನಲ್ಲಿ ಪುಷ್ಪ ಮೆಲ್ಲಗೆ ಕೇಳಿದಳು: "ಅವ್ವ, ನಂಗೆ ನಿಜ್ವಾಗ್ಲೂ ಎಷ್ಟ್ ವರ್ಸ?"

"ಮಾರ್ಕ್ಸ್ ಕಾರ್ಡ್ ನೋಡ್ಕೊ."

ಶಾಂತರಾಜು ಅಷ್ಟರಲ್ಲಿ ಬೆರಳು ಮಡಚಿ ಎಣಿಸಿ ಕಿಡಿಯಾಗಿದ್ದ. "ನಂಗೆ ಒಂದೂಕಾಲು ವರ್ಸ ಜಾಸ್ತಿ ಬರ್ಸಿದ್ದೀಯಲ್ಲವ್ವ! ಬರೋ ವರ್ಸ ದಾಖಲೇಲಿ ಮೂವತ್ತೈದು ದಾಟ್ತದೆ, ನಾನು ಯಾವ ಕೆಲ್ಸಕ್ಕೂ ಅರ್ಜಿ ಆಕಂಗೇ ಇಲ್ಲ!"

"ಈ ವರ್ಸನೇ ಆಕ್ಲಾ. ಇಟ್ ದಿನ ಅರಳಿಕಟ್ಟೆ ಮ್ಯಾಲೆ ಕುಂತಿದ್ದಾಗ ವಯಸ್ಸು ನಿಂತಿತ್ತಾ?"

ಮರುವಾರವೇ ಅವನು ಕೊಳ್ಳೇಗಾಲಕ್ಕೆ ಹೋಗಿ ಎರಡು ಅರ್ಜಿ ಹಾಕಿ ಬಂದ. ಮುಂದಿನ ತಿಂಗಳು ಪುಷ್ಪಳಿಗೆ ಆದೇಶ ಬಂತು. ಶಂಕರಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ತನ್ನ ಕಿರಿಮಗನನ್ನು ಅವಳ ಅಂಗನವಾಡಿಗೇ ತಂದು ಬಿಟ್ಟಳು. ನಡೆಯುವ ದೂರದಲ್ಲಿ ಬೇರೊಂದು ಇರಲಿಲ್ಲ.