ಅಮ್ಮ ಅರ್ಧಕ್ಕೆ ಬಿಟ್ಟ ಗ್ರಹಣ

ನನ್ನ ಮೇಲ್ದುಟಿಯಲ್ಲಿ ಒಂದು ಹೊಲಿಗೆಯ ಗೆರೆಯಿದೆ. ಹುಟ್ಟುವಾಗಲೇ ಸೀಳಿದ್ದ ತುಟಿ ಅದು. ಬಸುರಿಯಾಗಿದ್ದಾಗ ಅಮ್ಮ ಚಂದ್ರಗ್ರಹಣ ನೋಡಿದ್ದೇ ಅದಕ್ಕೆ ಕಾರಣ ಎಂದು ಮನೆಯವರೆಲ್ಲ ನಂಬಿದ್ದರು. ಅವಳನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿದ್ದರಂತೆ. ಸೆಕೆ ತಾಳಲಾರದೆ ಕಿಟಕಿಯನ್ನು ಬೆರಳಷ್ಟು ಸರಿಸಿದಳಂತೆ. ಅಷ್ಟೇ. ಅಲ್ಲಿಂದಾಚೆಗೆ ಗ್ರಹಣ ಬಂದರೆ ತಮಿಳು ಸೀಮೆಯ ಪೆರಂಬೂರಿನ ನಮ್ಮ ಮನೆಯ ಕಿಟಕಿಗಳೆಲ್ಲ ಬಂದ್. ಉಪ್ಪಿನಕಾಯಿ ಜಾಡಿಗೂ ದರ್ಭೆ, ಮೊಸರಿಗೂ ದರ್ಭೆ. ಡಾಕ್ಟರಿಂದ ಹೇಳಿಸಿದ್ದಾಯಿತು, ನಾನು ಜಗಳವಾಡಿದ್ದೂ ಆಯಿತು. "ನಿಂಗೇನು ಗೊತ್ತು, ಸುಮ್ನಿರು" ಎನ್ನುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಮುಖವನ್ನೇ ಅವಳ ತಪ್ಪಿನ ಗುರುತು ಮಾಡಿಬಿಟ್ಟಿದ್ದರಲ್ಲ! ನಾಲ್ಕು ಜನ ಸೇರಿದ ಕಡೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವುದು ನನಗೂ ಅಭ್ಯಾಸವಾಗಿತ್ತು.

ಹಳೆಯ ವೀಕ್ಷಣಾಲಯದಲ್ಲಿ ಸಂಜೆಯ ಗ್ರಹಣವನ್ನು ಎಲ್ಲರಿಗೂ ತೋರಿಸುತ್ತಾರೆ ಎಂದು ತಿಳಿದು ನಾನು ಹೊರಟಾಗ, ಎಪ್ಪತ್ತೆಂಟರ ಅಮ್ಮ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. ನಾನು ದಂಗಾದೆ.

"ನಾನೂ ಬರ್ತೀನಿ ಕಣೇ. ಅವತ್ತು ಸರಿಯಾಗಿ ನೋಡ್ಲೇ ಇಲ್ಲ. ಏನು ನೋಡಿ ಹೀಗಾಯ್ತು ಅಂತಾದ್ರೂ ತಿಳ್ಕೋಬೇಡ್ವಾ?"

ಹಿಂದಿನವರು ಉಪಕರಣ ಕೂರಿಸುತ್ತಿದ್ದ ಕಲ್ಲುಕಂಬದ ಪಕ್ಕದಲ್ಲೇ ಟೆಲಿಸ್ಕೋಪು ನಿಲ್ಲಿಸಿದ್ದರು. ಸಾಲು ಗೇಟಿನವರೆಗಿತ್ತು. ಮರಗಳ ಮೇಲೆ ಚಂದ್ರ ಒಣಗಿದ ದಾಳಿಂಬೆ ಸಿಪ್ಪೆಯ ಬಣ್ಣಕ್ಕೆ ತಿರುಗಿದ್ದ. ಹುಣ್ಣಿಮೆಯ ಬೆಳಕಿನಲ್ಲಿ ಎಂದೂ ಕಾಣದ ನಕ್ಷತ್ರಗಳು ಅವನ ಸುತ್ತ ಒಂದೊಂದಾಗಿ ಹೊರಬಂದವು. ನನ್ನ ಸರದಿ ಬಂದಾಗ ಕಣ್ಣಿಟ್ಟೆ. ಚಿಕ್ಕಂದಿನಿಂದ ಕಂಡ ತಟ್ಟೆ ಅದಲ್ಲವೇ ಅಲ್ಲ; ದುಂಡನೆಯ, ತೂಕವುಳ್ಳ ಒಂದು ಲೋಕ, ಯಾವ ಆಸರೆಯೂ ಇಲ್ಲದೆ ಸುಮ್ಮನೆ ನಿಂತಿದೆ. ಮೈ ಜುಮ್ಮೆಂದಿತು. ಐವತ್ತು ವರ್ಷ ಈ ಮಹಾನುಭಾವನ ಮೇಲೆ ನನ್ನ ತುಟಿಯ ಆಪಾದನೆ ಹೊರಿಸಿದ್ದೆವಲ್ಲ ಎಂದು ನಗುವೂ ಬಂತು.

ಅಮ್ಮ ಬಗ್ಗಿದವಳು ಏಳಲೇ ಇಲ್ಲ. ಟೆಲಿಸ್ಕೋಪಿನ ಹುಡುಗಿ ಎರಡು ಸಲ ಕೆಮ್ಮಿದಳು. ಕೊನೆಗೆ ತಲೆಯೆತ್ತಿದಾಗ ಅಮ್ಮನ ಕೆನ್ನೆ ಒದ್ದೆಯಾಗಿತ್ತು.

"ಅಯ್ಯೋ ಪೆರುಮಾಳೇ! ಇದೇನಾ ಅದು? ಇದ್ಯಾಕೆ ಕಣೇ ನಿನ್ ತಂಟೆಗೆ ಬರತ್ತೆ?"

ಅಷ್ಟರಲ್ಲಿ ನಮ್ಮ ಹಿಂದೆ ಗುಸುಗುಸು ಎದ್ದಿತು. ತುಂಬು ಬಸುರಿಗೆ ಇಲ್ಲೇನು ಕೆಲಸ ಎಂದು ಯಾರೋ ತಮಿಳಿನಲ್ಲಿ ಗೊಣಗಿದರು. ನಮ್ಮ ಹಿಂದೆಯೇ ನಿಂತಿದ್ದ ಹೆಂಗಸು ಹೊಟ್ಟೆಯ ಮೇಲೆ ಕೈಯಿಟ್ಟು ಸಾಲಿನಿಂದ ಆಚೆಗೆ ಸರಿದಳು. ಅಮ್ಮ ಅವಳತ್ತ ನಡೆದಳು. ಅಮ್ಮನೂ ಮನೆಗೆ ಹೋಗು ಎಂದುಬಿಟ್ಟರೆ? ನಾನೂ ಬೆನ್ನಿಗೇ ಹೋದೆ.

"ವಾಮ್ಮಾ" ಎಂದು ಕರೆಯುತ್ತ ಅಮ್ಮ ಅವಳ ಕೈಹಿಡಿದಳು. ಆಮೇಲೆ ಕನ್ನಡ ಬೆರೆತ ತನ್ನ ತಮಿಳಿನಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದಳು: ಹೆದರಬೇಡ, ಬಸುರಿಯಾಗಿದ್ದಾಗ ನಾನೂ ನೋಡಿದ್ದೆ, ಇಗೋ, ನನ್ನ ಮಗಳು.

ಸಾಲಿಗೆ ಸಾಲೇ ನನ್ನತ್ತ ತಿರುಗಿತು. ಸೆರಗಿಗೆ ಹೋದ ಕೈಯನ್ನು ಕೆಳಗಿಳಿಸಿದೆ. ಆ ಹೆಂಗಸು ನನ್ನ ಮುಖವನ್ನು ಒಂದು ಗಳಿಗೆ ದಿಟ್ಟಿಸಿ, ಮೆಲ್ಲಗೆ ಟೆಲಿಸ್ಕೋಪಿಗೆ ಬಗ್ಗಿದಳು.

ಅಮ್ಮ ಆಗಲೇ ಗೇಟಿನತ್ತ ಹೊರಟಿದ್ದಳು, ಇನ್ನೊಂದು ಸಲ ಸಾಲು ಹಿಡಿಯಲು.