ಬಾಲವಿದ್ದ ಅಕ್ಷರ

ದುಬೈಯ ಮಿರ್ದಿಫ್‌ನಲ್ಲಿ ನಮ್ಮ ಎದುರು ಫ್ಲ್ಯಾಟಿನವಳು ರಷ್ಯಾದ ಉತ್ತರ ತುದಿಯವಳು. ಆದರೆ ಅವಳ ಮನೆಮಾತು ರಷ್ಯನ್ ಅಲ್ಲ, ಹಿಮದಲ್ಲಿ ಜಿಂಕೆ ಸಾಕುವ ಸ್ವಲ್ಪವೇ ಜನರ ಭಾಷೆ. ಅದನ್ನು ಬರೆಯಲು ರಷ್ಯನ್ ಅಕ್ಷರಗಳು ಸಾಲದೆ ಒಂದಕ್ಕೆ ಬಾಲ ಅಂಟಿಸಿದ್ದಾರಂತೆ. ನೋಡಲು ಇಂಗ್ಲಿಷಿನ ಎಚ್, ಬಲಗಾಲಿಗೆ ಪುಟ್ಟ ಕೊಕ್ಕೆ. ಉಚ್ಚಾರ ನಮ್ಮ ‘ಙ’. ಕಾನ್ವೆಂಟಿನಲ್ಲಿ ಕನ್ನಡದ ಸಿಸ್ಟರ್ ಮೂಗಿನಿಂದ ಹೇಳಿಸಿದ್ದ ಆ ಅಕ್ಷರ ನನ್ನ ಉಪಯೋಗಕ್ಕೆ ಬಂದದ್ದು ಅವಳ ತಾಯಿಯ ಹೆಸರು ಹೇಳಲು.

ಆಗಸ್ಟಿನಲ್ಲಿ ಆ ತಾಯಿ ತೀರಿಕೊಂಡರು. ಪಾಸ್‌ಪೋರ್ಟ್ ವೀಸಾ ನವೀಕರಣಕ್ಕೆ ಹೋಗಿತ್ತು, ಮಗಳಿಗೆ ಹೊರಡಲಾಗಲಿಲ್ಲ.

ನಮ್ಮ ತುಳುವರಲ್ಲಿ ಬೊಜ್ಜದ ಉತ್ತರಕ್ರಿಯೆ ಮುಗಿದ ಮೇಲೆ ಬಾಗಿಲು ತೆರೆದು, ತೀರಿಹೋದವರನ್ನು ಹೆಸರು ಹಿಡಿದು ಮನೆಯೊಳಗೆ ಕರೆಯುತ್ತೇವೆ. ಅತ್ತೆಯನ್ನು ಹಾಗೆ ಕರೆದದ್ದನ್ನು ಹಿಂದೊಮ್ಮೆ ಅವಳಿಗೆ ಹೇಳಿದ್ದೆ.

“ಅಮ್ಮನನ್ನು ಇಲ್ಲಿಗೆ ಕರೆಯಬಹುದಾ?” ಅವಳು ಇಂಗ್ಲಿಷಿನಲ್ಲಿ ತಡವರಿಸುತ್ತ ಕೇಳಿದಳು. “ಅಲ್ಲಿ ಮನೆ ಮಾರಿ ಆಯಿತು. ಅವಳು ಹೊರಗೇ ನಿಂತಿರುತ್ತಾಳೆ.”

ಕೆಲಸದ ಊರು ರುವೈಸ್‌ನಿಂದ ವಾರದ ರಜೆಗೆ ಬಂದಿದ್ದ ನನ್ನ ಗಂಡನಿಗೆ ನಗು. “ಎಂತ ಮಾರಾಯ್ತಿ, ಊರಿನವರೆಲ್ಲ ಆಯ್ತು, ಇನ್ನು ರಷ್ಯಾದವರನ್ನೂ ಕರೀತೀಯಾ? ವಾಚ್‌ಮ್ಯಾನ್ ನೋಡಿದ್ರೆ ಖಲಾಸ್!”

“ನೀವು ಸುಮ್ನಿರಿ. ಬರುವವರಿಗೆ ಒಂದು ಬಾಗಿಲು ಬೇಡ್ವಾ?”

ಅವಳ ತಾಯಿಗೆ ಓದು ಬರುತ್ತಿರಲಿಲ್ಲ. ತನ್ನ ಹೆಸರಿನ ಮೊದಲಿನ ಆ ಬಾಲದ ಅಕ್ಷರವೊಂದನ್ನೇ ಗುರುತಿಸುತ್ತಿದ್ದರಂತೆ, ಮಗಳ ಕೋಟುಗಳ ಒಳಮಗ್ಗುಲಿಗೆ ಅದನ್ನೇ ಹೊಲಿಯುತ್ತಿದ್ದರಂತೆ. ಹಾಗಾಗಿ ಮುಸ್ಸಂಜೆ ಅವಳ ಹೊಸ್ತಿಲಾಚೆ ರಂಗೋಲಿ ಹುಡಿಯಿಂದ ಅದನ್ನೇ ಬರೆದೆ. ಬಂದವರಿಗೆ ಬಾಗಿಲು ಗೊತ್ತಾಗಬೇಕಲ್ಲ. ಕೊಕ್ಕೆ ಲಿಫ್ಟಿನ ಕಡೆಗಿತ್ತು.

ಒಳಗೆ ನಿಂತು ಬಾಗಿಲು ತೆರೆದೆವು. ಕಾರಿಡಾರಿನ ಬಿಸಿ ಮುಖಕ್ಕೆ ಬಡಿಯಿತು. ಅವಳು ತಾಯಿಯ ಹೆಸರು ಹಿಡಿದು ಕರೆದಳು. ನಾನೂ ದನಿ ಕೂಡಿಸಿದೆ. ಮತ್ತೆ ಕರೆದೆವು. ಲಿಫ್ಟ್ ಎಲ್ಲೂ ಸದ್ದು ಮಾಡಲಿಲ್ಲ.

ಬೆನ್ನ ಹಿಂದೆ, ಸೋಫಾದಲ್ಲಿ ಕಾರ್ಟೂನ್ ನೋಡುತ್ತಿದ್ದ ಅವಳ ಪುಟ್ಟ ಮಗಳು ತಲೆ ಎತ್ತಿದಳು. ಅಜ್ಜಿಯನ್ನು ಅವಳು ಕಂಡವಳೇ ಅಲ್ಲ.

“ಮಮ್ಮಾ, ಕ್ಲೋಸ್ ದ ಡೋರ್. ಷಿ ಈಸ್ ಕೋಲ್ಡ್.”

ಮಗು ತನ್ನ ಹೊದಿಕೆಯನ್ನು ಪಕ್ಕದ ಖಾಲಿ ಜಾಗಕ್ಕೆ ಎಳೆದು, ಅಂಚನ್ನು ಜೋಪಾನವಾಗಿ ಒಳಗೆ ಸೇರಿಸುತ್ತಿತ್ತು. ಮಗುವಿನ ತಾಯಿ ಹೋಗಿ ಎ.ಸಿ. ಆರಿಸಿದಳು.

ನಾನು ಮನೆಗೆ ಹೊರಟೆ. ತುಳಿಯಬಾರದೆಂದು ಸೀರೆ ನೆರಿಗೆ ಎತ್ತಿ ಕೆಳಗೆ ನೋಡಿದೆ. ಲಿಫ್ಟಿನ ಕಡೆಗೆ ಬರೆದಿದ್ದ ಕೊಕ್ಕೆ ಈಗ ಹೊಸ್ತಿಲು ದಾಟಿ ಒಳಗಿನ ಟೈಲಿನ ಮೇಲಿತ್ತು, ಎಲ್ಲೂ ಕದಡದೆ.

ಬಾಗಿಲನ್ನು ಮೆಲ್ಲನೆ ಎಳೆದುಕೊಂಡೆ, ಒಳಗಿದ್ದವರಿಗೆ ಗಾಳಿ ತಾಗದ ಹಾಗೆ.