ತೊಂಬತ್ತೊಂದರ ಗಂಟು

ಬಂದರಿನ ಹಿಂದಿನ ಓಣಿಯಲ್ಲಿ ಬಲೆ ಹೆಣೆಯುತ್ತಿದ್ದ ಹೆಂಗಸನ್ನು ಊರೆಲ್ಲ ಗಂಟತ್ತೆ ಎಂದು ಕರೆಯುತ್ತಿತ್ತು. ಈ ಹೆಸರಿಗೆ ಕಾರಣಗಳು ಎರಡು. ಆಕೆ ಹಾಕಿದ ಗಂಟು ಬಿಚ್ಚಿಕೊಂಡದ್ದನ್ನು ಕಂಡವರಿರಲಿಲ್ಲ. ಆಕೆಯ ಮುಖದ ಗಂಟು ಸಡಿಲವಾದದ್ದನ್ನು ಕಂಡವರೂ ಇರಲಿಲ್ಲ. ಈ ಎರಡನೆಯ ಕಾರಣವನ್ನು ಆಕೆಯ ಎದುರಿಗೇ ಹೇಳುವ ಎದೆಗಾರಿಕೆ ಇದ್ದದ್ದು ಆಕೆಯ ಮಗಳೊಬ್ಬಳಿಗೆ.

ಆಕೆ ಕೆಲಸ ಮಾಡುತ್ತಿದ್ದ ಕೋಣೆ ಉದ್ದಕ್ಕೆ ಉಂಟು, ಅಗಲಕ್ಕೆ ಇಲ್ಲ ಎನ್ನುವಂಥದು. ಎದುರುಗೋಡೆಯ ಕೊಕ್ಕೆಗೆ ಬಲೆಯ ತುದಿಯನ್ನು ಸಿಕ್ಕಿಸಿ, ಮೋಟು ಸ್ಟೂಲಿನ ಮೇಲೆ ಕುಳಿತು, ಬಲಗೈಯಲ್ಲಿ ಬಲೆಸೂಜಿ, ಎಡಗೈಯಲ್ಲಿ ಅಳತೆಯ ಮರದ ಪಟ್ಟಿ ಹಿಡಿದರೆ ಆಕೆಗೆ ಲೋಕ ಬೇಡ. ದಾರವನ್ನು ಒಂದು ಸುತ್ತು ಸುತ್ತುವುದು, ಅದರ ಮೇಲೆ ಇನ್ನೊಂದು ಸುತ್ತು ಸುತ್ತುವುದು, ಬಾಗಿ ಹಲ್ಲಿನಿಂದ ಕಚ್ಚಿ ಬಿಗಿಯುವುದು. ಹೀಗೆ ಎರಡು ಸುತ್ತು ಬಿದ್ದರೆ ಮಾತ್ರ ಗಂಟು. ಗಂಟಿಗೂ ಗಂಟಿಗೂ ನಡುವಣ ಕಿಂಡಿಗೆ ಬಲೆ ಹೆಣೆಯುವವರು ಕಣ್ಣು ಎನ್ನುತ್ತಾರೆ. ಆಕೆಯ ಬಲೆಯ ಕಣ್ಣುಗಳೆಲ್ಲ ಒಂದೇ ಅಳತೆಯವು; ಬೇಕಿದ್ದರೆ ಪಟ್ಟಿ ಇಟ್ಟು ನೋಡಬಹುದಾಗಿತ್ತು. ನೋಡಲು ಬಂದವರನ್ನು ಆಕೆ ನೋಡುತ್ತಿದ್ದ ರೀತಿಗೆ ಹೆದರಿ ಯಾರೂ ಪಟ್ಟಿ ಇಡುತ್ತಿರಲಿಲ್ಲ.

ಆಕೆಗೆ ಈ ಭೂಮಿಯ ಮೇಲೆ ಸಹಿಸಲಾಗದ ಸಂಗತಿಗಳು ಮೂರು: ಯಂತ್ರದ ಬಲೆ, ಫುಟ್‌ಬಾಲ್ ಮತ್ತು ಸ್ವಂತ ಅಣ್ಣ. ಈ ಮೂರೂ ಒಟ್ಟಾಗಿ ಬಂದು ಆಕೆಗೆ ಗಂಟುಬಿದ್ದದ್ದು 1998ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ.

ಅಣ್ಣ ಪ್ರೌಢಶಾಲೆಯಲ್ಲಿ ಚರಿತ್ರೆ ಕಲಿಸುತ್ತಿದ್ದವರು. 1995ರ ಮೇ 31ರಂದು ನಿವೃತ್ತರಾದರು. ಮಕ್ಕಳಿಗೆ ಹೇಳಬೇಕಾದ ಇಸವಿಗಳೆಲ್ಲ ಹೊಟ್ಟೆಯಲ್ಲೇ ಉಳಿದು ಅಜೀರ್ಣವಾಗಿ, ಅಂದಿನಿಂದ ಪ್ರತಿ ಮಧ್ಯಾಹ್ನ ತಂಗಿಯ ಕೋಣೆಗೆ ಬಂದು ಕಾರುತ್ತಿದ್ದರು. ಸಾಲದೆಂಬಂತೆ ಬಂದರಿನ ಮಹಿಳಾ ಫುಟ್‌ಬಾಲ್ ತಂಡಕ್ಕೆ ಅವರೇ ಅಧ್ಯಕ್ಷರು. ಅದೂ ಸಾಲದೆಂಬಂತೆ, ಐಸ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಗಂಟತ್ತೆಯ ಮಗಳು ಆ ತಂಡದ ಮುಂಪಡೆಯ ಆಟಗಾರ್ತಿ.

ಹಿಂದಿನ ವರ್ಷ, 1997ರ ಮಾರ್ಚ್ 16ರಂದು, ಬಂದರು ತಂಡಕ್ಕೂ ಮಾರುಕಟ್ಟೆ ತಂಡಕ್ಕೂ ನಡೆದ ಅಂತಿಮ ಪಂದ್ಯ ಜಗಳದಲ್ಲಿ ಮುಗಿದಿತ್ತು. ಗೋಲಿಗೆ ಬಲೆಯಿರಲಿಲ್ಲ. ಚೆಂಡು ಕಂಬದ ಒಳಗಿನಿಂದ ಹೋಯಿತೆಂದು ಬಂದರಿನವರು, ಹೊರಗಿನಿಂದ ಹೋಯಿತೆಂದು ಮಾರುಕಟ್ಟೆಯವರು. ಮಾತು ಬೆಳೆದು ಕೈಗೆ ಬಂತು. ಕಪ್ಪನ್ನು ಯಾರಿಗೂ ಕೊಡದೆ, ತೀರ್ಪುಗಾರನಾದ ಔಷಧಿ ಅಂಗಡಿಯವನು ತನ್ನ ಕಪಾಟಿನಲ್ಲಿ ಕೆಮ್ಮಿನ ಸಿರಪ್ಪಿನ ಬಾಟಲಿಗಳ ನಡುವೆ ಒಂದು ವರ್ಷ ಬೀಗ ಹಾಕಿ ಇಟ್ಟ. ಈ ಸಲ ಬಲೆಯಿಲ್ಲದೆ ಪಂದ್ಯವಿಲ್ಲ ಎಂದು ತೀರ್ಮಾನವಾದಾಗ ಅಣ್ಣ ಎದ್ದು ನಿಂತು, "ಬಲೆ ಅಂದ್ರೆ ನಮ್ಮ ತಂಗಿ!" ಎಂದು ಘೋಷಿಸಿಬಿಟ್ಟರು. ತಂಗಿಯನ್ನು ಕೇಳಿರಲಿಲ್ಲ.

"ಮೀನು ಹಿಡಿಯೋ ಬಲೆ ಹೆಣಿಯೋಳು ನಾನು. ಗಾಳಿ ತುಂಬಿದ ತೊಗಲು ಹಿಡಿಯೋಕೆ ಬಲೆ ಬೇಕಾ?" ಎಂದಳು ಗಂಟತ್ತೆ.

"ಹಾಗನ್ಬೇಡಮ್ಮ. ಇದರ ಚರಿತ್ರೆ ನಿನಗೆ ಗೊತ್ತಿಲ್ಲ. 1863, ಅಕ್ಟೋಬರ್ 26, ಸೋಮವಾರ. ಲಂಡನ್ನಿನ ಒಂದು ಹೆಂಡದಂಗಡೀಲಿ ಕೂತು ಸಂಘ ಕಟ್ಟಿದ್ರು, ಆಮೇಲೆ ನಿಯಮ ಬರೆದ್ರು."

"ಹೆಂಡದಂಗಡೀಲಿ ಹುಟ್ಟಿದ್ದು ಅಂತ ಆಟ ನೋಡಿದ್ರೇ ಗೊತ್ತಾಗತ್ತೆ."

"ಅಲ್ಲಿಂದ ಹಡಗಿನವರು ಚೆಂಡನ್ನ ಬಂದರಿಂದ ಬಂದರಿಗೆ ತಗೊಂಡು ಹೋದ್ರು. ಜಗತ್ತೆಲ್ಲಾ ಹರಡ್ತು."

"ಇಲಿಗಳೂ ಹಾಗೇ ಬಂದಿದ್ದು."

ಅಣ್ಣ ಸೋಲುವ ಜಾತಿಯವರಲ್ಲ. "1930, ಜುಲೈ 13. ಮೊದಲನೇ ವಿಶ್ವಕಪ್ ಶುರುವಾದ ದಿನ. ಇವತ್ತು ವಿಶ್ವಸಂಸ್ಥೆಗಿಂತ ಫುಟ್‌ಬಾಲ್ ಸಂಸ್ಥೇಲೇ ಸದಸ್ಯರು ಜಾಸ್ತಿ. ಅದಕ್ಕೇನಂತೀಯಾ?"

"ಒಂದು ಕಡೆ ಜಗಳ ಬಿಡಿಸ್ತಾರೆ, ಇನ್ನೊಂದು ಕಡೆ ಹಚ್ತಾರೆ. ಜನ ಎಲ್ಲಿ ಸೇರ್ತಾರೆ ಅಂತ ನನ್ನ ಕೇಳ್ಬೇಕಾ?"

ಬಾಗಿಲಲ್ಲಿ ಕುಳಿತು ಬೂಟಿನ ಕೆಸರು ಕೆರೆಯುತ್ತಿದ್ದ ಮಗಳು ಕಿಸಕ್ಕೆಂದಳು. ಅಣ್ಣ ಅವಳತ್ತ ತಿರುಗಿದರು. "ನಗ್ಬೇಡ ಮಗಳೇ. 1921, ಡಿಸೆಂಬರ್ 5. ಹೆಂಗಸರಿಗೆ ಮೈದಾನ ಕೊಡಬಾರದು ಅಂತ ಅದೇ ಇಂಗ್ಲಿಷ್ ಸಂಘ ಕಟ್ಟಪ್ಪಣೆ ಮಾಡ್ತು. ಹೆಚ್ಚೂಕಮ್ಮಿ ಐವತ್ತು ವರ್ಷ ಹಾಗೇ ಇತ್ತು."

"ಅಷ್ಟಾದ್ರೂ ಬುದ್ಧಿ ಇತ್ತಲ್ಲ ಅವರಿಗೆ," ಎಂದಳು ಗಂಟತ್ತೆ.

"ಅಮ್ಮಾ!"

"ಏನಮ್ಮಾ? ಮೊಣಕಾಲು ತರಚಿಸ್ಕೊಂಡು ಬರೋದು ನೀನು, ಹತ್ತಿ ಹಿಡ್ಕೊಂಡು ಕೂರೋದು ನಾನು."

ಬೈದುಕೊಂಡೇ ಆಕೆ ದಾರ ಸುತ್ತಲು ತೊಡಗಿದ್ದಕ್ಕೆ ಬೇರೆ ಕಾರಣವಿತ್ತು. ಅದೇ ವಾರ ಒಬ್ಬರು ದೋಣಿ ಮಾಲೀಕರು ಬಂದಿದ್ದರು. ಹೊಸದೊಂದು ದೊಡ್ಡ ದೋಣಿ ಕಟ್ಟಿಸಿ, ಅದಕ್ಕೆ ಬೇಕಾದ ಬಲೆಗಳನ್ನು ಯಾರಿಂದ ಕೊಳ್ಳುವುದೆಂದು ಯೋಚಿಸುತ್ತಿದ್ದರು. ಕೈಯಲ್ಲಿ ಯಂತ್ರದ ಬಲೆಯ ತುಂಡೊಂದಿತ್ತು.

"ಇದು ಅಗ್ಗ ಅತ್ತೆ, ಬೇಗಾನೂ ಸಿಗತ್ತೆ. ಆದ್ರೆ ನಿಮ್ಮ ಗಂಟು ನಮ್ಮಪ್ಪನ ಕಾಲದಿಂದ ನೋಡಿದೀನಿ. ಭಾನುವಾರ ಮೈದಾನಕ್ಕೆ ಬರ್ತೀನಿ. ಬಲೆ ಹೇಗೆ ತಡಿಯತ್ತೆ ನೋಡ್ತೀನಿ, ಆಮೇಲೆ ಹೇಳ್ತೀನಿ."

ಆ ದೋಣಿಯ ಬಲೆ ಸಿಕ್ಕರೆ ಎರಡು ವರ್ಷ ತಲೆಯೆತ್ತದಷ್ಟು ಕೆಲಸ. ಸಿಗದಿದ್ದರೆ ಉಳಿದ ಮಾಲೀಕರೂ ಯಂತ್ರದ ಕಡೆಗೇ ವಾಲುವರೆಂಬುದರಲ್ಲಿ ಆಕೆಗೆ ಸಂಶಯವಿರಲಿಲ್ಲ. ಇಷ್ಟು ವರ್ಷ ಸಮುದ್ರದಲ್ಲಿ ಪಾಸಾದ ಕೈ ಈಗ ಒಂದು ಚೆಂಡಿನ ಎದುರು ಪರೀಕ್ಷೆಗೆ ಕೂರಬೇಕಾಯಿತಲ್ಲ ಎಂದು ಆಕೆಗೆ ಮೈಯೆಲ್ಲ ಉರಿದುಹೋಯಿತು.

ಮಾರ್ಚ್ 13, ಶುಕ್ರವಾರ ಮಧ್ಯಾಹ್ನ. ಒಂದು ಗೋಲಿನ ಬಲೆ ಮುಗಿದು, ಇನ್ನೊಂದರದೂ ಮುಗಿಯುತ್ತ ಬಂದಿತ್ತು. ಎಡಗಂಬದ ಪಕ್ಕಕ್ಕೆ ಬರುವ ಕೆಳಸಾಲುಗಳಷ್ಟೇ ಬಾಕಿ. ಅಣ್ಣ ಬಂದರು, ಕುಳಿತರು, ಚಹಾ ಕುಡಿದರು, ಆರಂಭಿಸಿದರು.

"ಬಲೆ ಹೇಗೆ ಬಂತು ಅಂತ ಹೇಳಲೇ ಇಲ್ಲ ನಿನಗೆ. 1889ರಲ್ಲಿ ಒಂದು ಪಂದ್ಯ. ಚೆಂಡು ಒಳಗೆ ಹೋಯ್ತೋ ಹೊರಗೆ ಹೋಯ್ತೋ ಅಂತ ನಮ್ಮಲ್ಲಿ ಆದ ಹಾಗೇ ಜಗಳ. ಒಬ್ಬ ಎಂಜಿನಿಯರ್‌ಗೆ ತಲೆಕೆಟ್ಟು, ಗೋಲಿಗೆ ಬಲೆ ಕಟ್ಟೋದನ್ನ ಕಂಡುಹಿಡಿದ. ದೊಡ್ಡ ಪಂದ್ಯದಲ್ಲಿ ಅದನ್ನ ಮೊದಲು ಕಟ್ಟಿದ್ದು ಸಾವಿರದ ಎಂಟುನೂರ ತೊಂಬತ್ತೊಂದು, ಜನವರಿ... ಜನವರಿ... ತಾಳು."

"ತಾಳ್ದೆ. ಸಾಕು."

"ಇಲ್ಲಮ್ಮ, ನಾಲಿಗೆ ತುದೀಲಿದೆ. ಜನವರಿ..." ಅಣ್ಣ ಕಣ್ಣು ಮುಚ್ಚಿ, ನೆನಪಾಗಲೆಂದು ಬಲೆಯ ಹಗ್ಗವನ್ನೇ ಬೆರಳಿನಿಂದ ಟಪಟಪ ಬಡಿಯತೊಡಗಿದರು. ಕೊಕ್ಕೆ ಅಲುಗಿತು, ಬಲೆ ಕುಣಿಯಿತು. ಸೂಜಿ ಒಂದು ಸುತ್ತು ಸುತ್ತಿತ್ತಷ್ಟೆ. "ತೊಂಬತ್ತೊಂದು, ಜನವರಿ..."

ಗಂಟತ್ತೆ ಸೂಜಿ ಬಿಟ್ಟು ಎದ್ದಳು. ಅಣ್ಣನ ಕೊಡೆಯನ್ನು ಅಣ್ಣನ ಕೈಗೆ ಕೊಟ್ಟಳು, ಚಪ್ಪಲಿಯನ್ನು ಕಾಲಿನಿಂದಲೇ ಹೊಸ್ತಿಲಾಚೆ ತಳ್ಳಿದಳು. "ಹೊರಗೆ ಹೋಗಿ ನೆನಪು ಮಾಡ್ಕೋ. ನೆನಪಾದ್ರೂ ಒಳಗೆ ಬರ್ಬೇಡ!" ಬಾಗಿಲು ಹಾಕಿ ಬಂದು ಕುಳಿತು, ಉಸಿರು ಹತೋಟಿಗೆ ಬಂದ ಮೇಲೆ, ಮುಂದಿನ ಕಣ್ಣಿನಿಂದ ಹೆಣಿಗೆ ಮುಂದುವರಿಸಿದಳು.

ಮಾರ್ಚ್ 15ರ ಭಾನುವಾರ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಧೂಳು ಏಳದಿರಲೆಂದು ಬೆಳಿಗ್ಗೆ ಸುರಿದ ನೀರು ಗೋಲಿನ ಮುಂದೆ ಕೆಸರಾಗಿತ್ತು. ದೋಣಿ ಮಾಲೀಕರಿಗೆ ನೆರಳಿನಲ್ಲಿ ಕುರ್ಚಿ ಹಾಕಿದ್ದರು. ಗಂಟತ್ತೆ ಆಟಕ್ಕೆ ಬೆನ್ನು ತಿರುಗಿಸಿ, ಬಲೆಯ ಕಡೆಗೆ ಮುಖಮಾಡಿ ಕುಳಿತಿದ್ದಳು. ಮಗಳು ಹತ್ತು ಸಲ ಬಿದ್ದು ಹತ್ತು ಸಲ ಎದ್ದದ್ದನ್ನು ಆಕೆ ನೋಡಲಿಲ್ಲವೆಂದು ಯಾರೂ ಹೇಳಲಾರರು. ಕುತ್ತಿಗೆ ಆಗಾಗ ತಾನಾಗಿಯೇ ತಿರುಗುತ್ತಿತ್ತು.

ಆಟ ಮುಗಿಯುವ ಹೊತ್ತಾದರೂ ಗೋಲಾಗಿರಲಿಲ್ಲ. ಕೊನೆಗೊಮ್ಮೆ ಮಗಳು ಎಡಗಡೆಯಿಂದ ನುಗ್ಗಿ, ಐಸ್ ಗಡ್ಡೆಯನ್ನು ತಳ್ಳಿ ಪಳಗಿದ ಕಾಲಿನಿಂದ ನೆಲದ ಮಟ್ಟದಲ್ಲೇ ಹೊಡೆದಳು. ಮಾರುಕಟ್ಟೆ ತಂಡದ ಗೋಲ್‌ಕೀಪರ್ ಹಾರಿ, ಚೆಂಡು ಕೈತಪ್ಪಿ, ತಾನೇ ಬಲೆಯೊಳಕ್ಕೆ ಉರುಳಿದಳು. ಚೆಂಡು ಮಾತ್ರ ಬಲೆಯೊಳಗೆ ಇರಲಿಲ್ಲ. ಹಿಂದಿನ ಬೇಲಿಗೆ ಹೋಗಿ ನಿಂತಿತ್ತು. ಎಡಗಂಬದ ಪಕ್ಕ ಬಲೆಯಲ್ಲೊಂದು ದೊಡ್ಡ ತೂತು ಬಾಯ್ದೆರೆದಿತ್ತು. ತೀರ್ಪುಗಾರ ಏದುಸಿರು ಬಿಡುತ್ತ ಇನ್ನೂ ಮೈದಾನದ ನಡುವೆಯೇ ಇದ್ದ. ಅವನು ಏನನ್ನೂ ಕಂಡಿರಲಿಲ್ಲ.

ಅಲ್ಲಿಂದ ಮುಂದೆ ನಡೆದದ್ದು ಗಂಟತ್ತೆಯ ತಾಳ್ಮೆಗೆ ಬರೆ ಹಾಕುವಂಥದು. ಆಕೆಯ ಮಾನ ಕಾಯಲು ಹೊರಟವರು ಶತ್ರುಗಳು. ಕಳೆಯಲು ನಿಂತವರು ಸ್ವಂತದವರು.

"ಗಂಟತ್ತೆ ಗಂಟು ಬಿಚ್ಚತ್ತೇನ್ರೀ?" ಎಂದು ಕೂಗಿದ ಮಾರುಕಟ್ಟೆ ತಂಡದ ಮುಖಂಡ, ತಕ್ಕಡಿ ರಿಪೇರಿಯವನು. "ಸಮುದ್ರದಲ್ಲೇ ಬಿಚ್ಚಿಲ್ಲ! ಚೆಂಡು ಕಂಬದ ಆಚೆಯಿಂದ ಹೋಯ್ತು. ನಮ್ಮ ಹುಡುಗಿ ಬಿದ್ದಾಗ ಬೂಟಿನ ಮೊಳೆ ಸಿಕ್ಕಿ ಆಮೇಲೆ ದಾರ ಹರೀತು. ಆ ಕೈ ಚಿನ್ನದ ಕೈ ಸ್ವಾಮಿ!"

"ಚಿನ್ನವೂ ಇಲ್ಲ ತಗಡೂ ಇಲ್ಲ!" ಎಂದು ಅಣ್ಣ ಕೊಡೆಯೆತ್ತಿದರು. "ನಮ್ಮ ತಂಗಿ ಅಂತ ನಾನೇ ಹೇಳ್ತೀನಿ, ಈಚೆಗೆ ಅವಳ ಕೈ ನಡುಗತ್ತೆ, ಕಣ್ಣು ಮಂಜಾಗಿದೆ, ಗಂಟೆಲ್ಲ ಸಡಿಲ!"

"ಹೌದು ಹೌದು, ಸಡಿಲ!" ಎಂದು ಬಂದರಿನ ಜನ ಬೊಬ್ಬೆ ಹಾಕಿದರು. ನಿನ್ನೆಯವರೆಗೂ ಅವಳ ಬಲೆಯನ್ನು ನಂಬಿ ಕಡಲಿಗಿಳಿದಿದ್ದ ಜನ.

ತೀರ್ಪುಗಾರ ಎಲ್ಲರನ್ನೂ ದೂರ ಸರಿಸಿ ಗಂಟತ್ತೆಯನ್ನು ಕರೆದ. "ಅತ್ತೆ, ದಾರ ಹರಿದಿದ್ರೆ ಮೊಳೆ. ಗಂಟು ಬಿಚ್ಚಿದ್ರೆ ಚೆಂಡು. ನೀವೇ ನೋಡಿ ಹೇಳಿ. ಇನ್ನೊಂದು ವರ್ಷ ಆ ಕಪ್ಪು ನನ್ನ ಕಪಾಟಲ್ಲಿಟ್ರೆ ನನ್ನ ಹೆಂಡ್ತಿ ನನ್ನನ್ನೇ ಅದರಲ್ಲಿಟ್ಟು ಬೀಗ ಹಾಕ್ತಾಳೆ."

ಆಕೆ ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ದಾರವನ್ನು ಬೆರಳಿಗೆ ತೆಗೆದುಕೊಂಡಳು. ನೋಡಿದ ಕೂಡಲೇ ತಿಳಿಯಿತು. ದಾರ ಎಲ್ಲಿಯೂ ಹರಿದಿರಲಿಲ್ಲ. ಎರಡು ಕಣ್ಣು ಕೂಡಿ ಒಂದಾಗಿದ್ದವು. ಅಂಚಿನ ಸುತ್ತಲೂ ಚೆಂಡಿನ ಹಸಿ ಕೆಸರು ಉಜ್ಜಿಕೊಂಡಿತ್ತು. ಗಂಟಿರಬೇಕಾದಲ್ಲಿ ಒಂದೇ ಸುತ್ತಿನ ಮಡಿಕೆ. ಕೆಳಸಾಲು, ಎಡಗಂಬ, ಶುಕ್ರವಾರ, ಅಲುಗಿದ ಕೊಕ್ಕೆ. ಎದ್ದವಳು ಬಂದು ಕುಳಿತಾಗ ಎರಡನೆಯ ಸುತ್ತು ಹಾಕಿರಲಿಲ್ಲ.

ಮುಂದೆ ನೆರಳಿನಲ್ಲಿ ದೋಣಿ ಮಾಲೀಕರು ಕುರ್ಚಿಯಿಂದ ಎದ್ದು ನಿಂತಿದ್ದರು. ಬಾಗಿ ದಾರವನ್ನೊಮ್ಮೆ ಕಚ್ಚಿ ಹರಿದರೆ ಸಾಕಿತ್ತು, ಹೆಬ್ಬೆರಳಿನಿಂದ ಕೆಸರು ಒರೆಸಿದರೆ ಸಾಕಿತ್ತು. ಅವಳು ಬಲೆಗೆ ಬಾಯಿ ಹಾಕುವುದನ್ನು ಊರು ದಿನವೂ ನೋಡಿದ್ದೇ. ದಾರ ಹರಿದಿದೆ ಎಂದರೆ ಮುಗಿಯಿತು. ಹೊಸ ದೋಣಿಯ ಬಲೆ ತನ್ನದು. ಮಗಳ ಗೋಲು ಹೋಗುತ್ತದೆ. ಹೋದರೇನು, ತೊಗಲಿನ ಚೆಂಡಿನ ಗೋಲು ತಾನೇ?

ಮಗಳು ಹತ್ತಿರ ಬಂದು ನಿಂತಿದ್ದಳು. ಮೊಣಕಾಲು ಎಂದಿನಂತೆ ತರಚಿತ್ತು. "ಅಮ್ಮಾ, ಗೋಲಲ್ಲ ಅಂದ್ರೆ ಅಲ್ಲ ಅನ್ನು. ನನಗೇನಿಲ್ಲ. ಈ ಗದ್ದಲ ನಿಲ್ಸು ಸಾಕು."

"ಚಿನ್ನದ ಕೈ!" ಎಂದು ತಕ್ಕಡಿಯವನು ಮತ್ತೆ ಕೂಗಿದ. ಹಲ್ಲಿನ ಹತ್ತಿರಕ್ಕೆ ಬಂದಿದ್ದ ದಾರ ಅಲ್ಲಿಯೇ ನಿಂತಿತು. ಹಾಕದ ಗಂಟಿಗೆ ಹೊಗಳಿಕೆ! ಇನ್ನು ಸಾಯುವವರೆಗೂ ಈ ಮನುಷ್ಯ ಸಿಕ್ಕಸಿಕ್ಕಲ್ಲಿ ಹೊಗಳುವನು, ತಾನು ಕೇಳಿಕೊಂಡು ತಲೆಯಾಡಿಸಬೇಕು. ಅದಕ್ಕಿಂತ ದೊಡ್ಡ ಶಿಕ್ಷೆ ಆಕೆಗೆ ತೋಚಲಿಲ್ಲ. ಆಕೆ ಎದ್ದಳು.

"ದಾರ ಹರಿದಿಲ್ಲ. ಗಂಟು ಬಿಚ್ಚಿದೆ. ಗಂಟೂ ಅಲ್ಲ, ಅರ್ಧ ಗಂಟು. ಹಾಕಿದೋಳು ನಾನೇ. ಚೆಂಡು ಇದರೊಳಗಿಂದಾನೇ ಹೋಗಿದೆ, ಕೆಸರು ನೋಡ್ಕೊಳ್ಳಿ. ಗೋಲು ಕೊಡಿ, ಮನೆಗೆ ಹೋಗಿ!"

"ನೀವು ಅರ್ಧ ಗಂಟು ಹಾಕೋದಾ ಅತ್ತೆ?" ಎಂದ ತೀರ್ಪುಗಾರ, ನಂಬಲಾರದೆ.

"ನಮ್ಮಣ್ಣನ್ನ ಕೇಳಿ. ಇನ್ನರ್ಧ ಸಾವಿರದ ಎಂಟುನೂರ ತೊಂಬತ್ತೊಂದರಲ್ಲಿ ಸಿಕ್ಕಾಕ್ಕೊಂಡಿದೆ."

ಬಂದರು ತಂಡ ಗೆದ್ದಿತು. ಅಧ್ಯಕ್ಷರು ಕಪ್ಪನ್ನು ತಲೆಯ ಮೇಲೆ ಹೊತ್ತು ಕುಣಿದರು. ದೋಣಿ ಮಾಲೀಕರ ಕುರ್ಚಿ ಖಾಲಿಯಾಗಿತ್ತು.

ಅವರು ಬಂದದ್ದು 17ನೆಯ ತಾರೀಖು, ಮಂಗಳವಾರ. ಹೊಸ ದೋಣಿಗೆ ಯಂತ್ರದ ಬಲೆಯನ್ನೇ ಕೊಂಡಿದ್ದರು. "ಬೇಜಾರು ಮಾಡ್ಕೋಬೇಡಿ ಅತ್ತೆ. ನಿಮ್ಮದೂ ಬಿಚ್ಚತ್ತೆ, ಅದೂ ಬಿಚ್ಚತ್ತೆ ಅಂದ್ಮೇಲೆ ಅಗ್ಗದ್ದು ತಗೊಂಡೆ. ಆದ್ರೆ ರಿಪೇರಿ ಎಲ್ಲಾ ನಿಮಗೇ. ಎಲ್ಲಿ ಬಿಚ್ಚಿದೆ ಅಂತ ಯಂತ್ರ ಬಂದು ಹೇಳಲ್ವಲ್ಲ."

"ಹೆಣಿಯೋದು ಅದು, ತೇಪೆ ಹಾಕೋದು ನಾನು," ಎಂದಳು ಗಂಟತ್ತೆ. ಆದರೂ ಹರಿದ ಬಲೆಯ ಮೊದಲ ಮೂಟೆ ಬಂದಾಗ ಇಳಿಸಿಕೊಂಡಳು, ಕೆಲಸವೆಂದರೆ ಕೆಲಸ. ಸಾಲು ಸಾಲಾಗಿ ಯಂತ್ರದ ಹೆಣಿಗೆಯನ್ನು ಬೈದುಕೊಂಡು ಸರಿಪಡಿಸುವುದರಲ್ಲಿ ಒಂದು ಬಗೆಯ ಸುಖವಿದೆಯೆಂದು ಆಕೆಗೆ ಆ ವರ್ಷ ಗೊತ್ತಾಯಿತು.

ಬಂದರಿನಲ್ಲಿ ಅರೆಬರೆ ಕೆಲಸಕ್ಕೆ ಅಂದಿನಿಂದ ತೊಂಬತ್ತೊಂದು ಎಂಬ ಹೆಸರು ಬಿತ್ತು. ಮುಚ್ಚಳ ಸರಿಯಾಗಿ ಬಿಗಿಯದಿದ್ದರೆ, "ಏನೋ ಇದು, ತೊಂಬತ್ತೊಂದು ಮಾಡಿದೀಯಾ?" ಎನ್ನುವರು. ಗಂಟತ್ತೆ ಕೇಳಿಯೂ ಕೇಳದಂತೆ ಹೋಗುವಳು. ಕಪ್ಪು ಮಗಳ ಪಾಲಿಗೆ ಬಂದು, ಆ ಇಕ್ಕಟ್ಟಿನ ಕೋಣೆಯಲ್ಲಿ ಎಲ್ಲಿಟ್ಟರೂ ಕಾಲಿಗೆ ತೊಡರುತ್ತಿತ್ತು. ಬೈದು ಬೈದು ಸಾಕಾಗಿ ಆಕೆ ಅದರಲ್ಲಿ ಬಲೆಸೂಜಿಗಳನ್ನು ಹಾಕಿಟ್ಟಳು.

ಏಪ್ರಿಲ್ 3ರ ಮಧ್ಯಾಹ್ನ ಅಣ್ಣ ಓಡೋಡಿ ಬಂದು ಹೊಸ್ತಿಲಲ್ಲಿ ನಿಂತರು. "ಸಿಕ್ತಮ್ಮ! ಹಳೇ ಪುಸ್ತಕದಲ್ಲಿ ಸಿಕ್ತು! ಸಾವಿರದ ಎಂಟುನೂರ ತೊಂಬತ್ತೊಂದು, ಜನವರಿ..."

ಗಂಟತ್ತೆ ತಲೆಯೆತ್ತದೆ ಅಂಗೈ ತೋರಿಸಿ ತಡೆದಳು. ಅಣ್ಣ ಒಂದು ಕಾಲು ಹೊಸ್ತಿಲೊಳಗೆ, ಒಂದು ಕಾಲು ಹೊರಗೆ, ಬಾಯಿ ತೆರೆದಂತೆಯೇ ನಿಂತರು. ಆಕೆ ದಾರವನ್ನು ಒಂದು ಸುತ್ತು ಸುತ್ತಿದಳು. ನಿಧಾನವಾಗಿ ಎರಡನೆಯ ಸುತ್ತು ಸುತ್ತಿದಳು. ಬಾಗಿ ಕಚ್ಚಿ ಎಳೆದಳು, ಉಗುರಿನಿಂದ ಒತ್ತಿ ನೋಡಿದಳು, ಇನ್ನೊಮ್ಮೆ ಎಳೆದಳು. ಆಮೇಲೆ ಸೂಜಿಯನ್ನು ಕಪ್ಪಿನೊಳಗೆ ಹಾಕಿ, ಕೈಕಟ್ಟಿ ಕುಳಿತಳು.

"ಹ್ಞೂಂ. ಈಗ ಹೇಳು."

"ಜನವರಿ..." ಎಂದರು ಅಣ್ಣ. ಕಣ್ಣು ಮುಚ್ಚಿದರು. "ತಾಳು."